ಕಚೇರಿ, ಅಂಗಡಿ, ಸೊಸೈಟಿಗಳ ಕಸ ಕಡಿಮೆ ಮಾಡುವುದು ಹೇಗೆ? ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬದಿಯಡ್ಕದ ಹತ್ತಿರ ಒಂದು ಸಹಕಾರಿ ಸಂಘದಲ್ಲಿ ಕ್ಲಾರ್ಕ್. ಕಚೇರಿಯಲ್ಲಿ ನಾವು 14 ಜನ. ನಾಲ್ಕು ವರ್ಷದ ಹಿಂದೆ ಸ್ಟಾಫ್ ಮೀಟಿಂಗಿನಲ್ಲಿ ಕಸದ ಜವಾಬ್ದಾರಿ ನನ್ನ ಪಾಲಿಗೆ ಬಂತು. ಈಗ ಪಕ್ಕದ ಅಂಗಡಿಯವರು, ಶಾಲೆಯ ಟೀಚರ್‌ಗಳು, ಅಕ್ಷಯ ಕೇಂದ್ರದಲ್ಲಿ (ಆನ್‌ಲೈನ್ ಅರ್ಜಿ ಹಾಕುವ ಸರ್ಕಾರಿ ಸೇವಾ ಕೇಂದ್ರ) ಕೂರುವ ಮಕ್ಕಳು, ಕುಂಬಳೆ, ಮಂಜೇಶ್ವರ ಕಡೆಯ ಸೊಸೈಟಿಯವರು ಫೋನ್ ಮಾಡಿ ಕೇಳುತ್ತಾರೆ. ಹೆಚ್ಚು ಕಡಿಮೆ ಅವೇ ಪ್ರಶ್ನೆಗಳು. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಎಲ್ಲಿಂದ ಶುರು ಮಾಡಬೇಕು? ಮೊದಲು ಬಣ್ಣದ ಬಕೆಟ್ ತರಬೇಕಾ?

ಬಕೆಟ್ ಆಮೇಲೆ ತನ್ನಿ. ಮೊದಲು ಒಂದು ವಾರದ ಕಸವನ್ನು ಹೊರಗೆ ಕೊಡದೆ ಹಾಗೇ ಇಡಿ. ಊಟದ ಕಸ ಮಾತ್ರ ಆಯಾ ದಿನವೇ ತೂಕ ಹಾಕಿ, ಬರೆದಿಟ್ಟು, ವಿಲೇವಾರಿ ಮಾಡಿ. ಶನಿವಾರ ಮಧ್ಯಾಹ್ನ ಹಳೆಯ ಟರ್ಪಾಲು ಹಾಸಿ ಉಳಿದದ್ದನ್ನೆಲ್ಲ ಅದರ ಮೇಲೆ ಸುರಿಯಿರಿ. ಕೈಗೆ ಗ್ಲೌಸ್ ಹಾಕಿಕೊಂಡು ನೀವೇ ಬೇರೆ ಮಾಡಿ. ಗುಡಿಸಲು ಬರುವ ಅಕ್ಕನಿಗೆ ಈ ಕೆಲಸ ಹೇಳಬೇಡಿ. ಕಸ ಮಾಡಿದವರೇ ನೋಡಬೇಕು.

ನಾವು ಹಾಗೆ ಸುರಿದ ದಿನ ನನಗೆ ಇನ್ನೂ ನೆನಪಿದೆ. ಒಂದರೊಳಗೆ ಒಂದು ಸಿಕ್ಕಿಸಿಟ್ಟ ಚಹಾ ಕಪ್‌ಗಳು, ತಳದಲ್ಲಿ ಹಾಲಿನ ಕೆನೆ ಒಣಗಿ ಹಳದಿ ಬಿಲ್ಲೆಯಾಗಿತ್ತು, ಅದರ ತುಂಬ ಕಟ್ಟಿರುವೆ. ಒಂದು ಬದಿ ಮಾತ್ರ ಪ್ರಿಂಟ್ ಆದ ಕಾಗದ ಒಂದು ಗೋಣಿ. ಅದರ ಕೆಳಗೆ ಕಟ್ಟು ಬಿಚ್ಚದ ಫೈಲ್ ಕವರ್‌ಗಳ ಮೂರು ಬಂಡಲ್. ಮಳೆಗಾಲದಲ್ಲಿ ಶೀತ ಹಿಡಿದು ಬೂಸ್ಟು ಬಂದಿದ್ದವು. ಒಂದನ್ನೂ ಯಾರೂ ಮುಟ್ಟಿರಲಿಲ್ಲ. ಹೊಸದಾಗಿ ಬಂದದ್ದು ಹೊಸದಾಗಿಯೇ ಕಸವಾಗಿತ್ತು.

ಅವತ್ತು ನನಗೆ ಅರ್ಥವಾದದ್ದು ಇಷ್ಟೇ. ಕಸದ ಬುಟ್ಟಿ ನಮ್ಮ ಖರೀದಿ ಚೀಟಿಯ ಇನ್ನೊಂದು ಬದಿ. ಕಚೇರಿಗೆ ಏನು ತರಿಸಬೇಕು ಅಂತ ಬರೆಯುವವರು ಯಾರೋ, ಮೊದಲು ಮಾತಾಡಬೇಕಾದ್ದು ಅವರ ಹತ್ತಿರ. ನಮ್ಮಲ್ಲಿ ಈಗ ಇಂಡೆಂಟ್ ಬರೆಯುವ ಮೊದಲು ಕಪಾಟು ತೆಗೆದು ನೋಡಿ, ಉಳಿದದ್ದು ಎಷ್ಟು ಅಂತ ಪಕ್ಕದಲ್ಲಿ ಬರೆಯಬೇಕು. ಇದೊಂದೇ ಅಭ್ಯಾಸದಿಂದ ಆದಷ್ಟು ಉಪಕಾರ ಬೇರೆ ಯಾವುದರಿಂದಲೂ ಆಗಿಲ್ಲ.

ಪಂಚಾಯತ್ ನೋಟಿಸಿನಲ್ಲಿ ‘ಅಜೈವ ಮಾಲಿನ್ಯ’ ಅಂತ ಇದೆ. ಅಂದರೆ ಏನು? ನಮ್ಮ ಕಚೇರಿಯಿಂದ ಯಾವ ಮಾಲಿನ್ಯವೂ ಆಗುತ್ತಿಲ್ಲವಲ್ಲ?

ಈ ಗೊಂದಲ ಗಡಿನಾಡಿನವರಿಗೆ ಮಾತ್ರ ಬರುವಂಥದ್ದು. ಮಲಯಾಳದಲ್ಲಿ ‘ಮಾಲಿನ್ಯಂ’ ಅಂದರೆ ಕಸ. ಕನ್ನಡದಲ್ಲಿ ಮಾಲಿನ್ಯ ಅಂದರೆ ಗಾಳಿ, ನೀರು ಕೆಡುವುದು. ನೋಟಿಸನ್ನು ಕನ್ನಡ ಲಿಪಿಗೆ ತರುವಾಗ ಆ ಪದ ಹಾಗೇ ಉಳಿದುಬಿಡುತ್ತದೆ. ‘ಜೈವ ಮಾಲಿನ್ಯ’ ಅಂದರೆ ಕೊಳೆಯುವ ಕಸ: ಅನ್ನ, ಸಿಪ್ಪೆ, ಎಲೆ. ‘ಅಜೈವ ಮಾಲಿನ್ಯ’ ಅಂದರೆ ಕೊಳೆಯದ್ದು: ತೊಟ್ಟೆ (ಪ್ಲಾಸ್ಟಿಕ್ ಚೀಲ), ಬಾಟಲಿ, ಗಾಜು, ತಗಡು, ಹಳೆಯ ಚಪ್ಪಲಿ. ಮೊದಲನೆಯದನ್ನು ನಿಮ್ಮ ಜಾಗದಲ್ಲೇ ಗೊಬ್ಬರ ಮಾಡಬೇಕು. ಎರಡನೆಯದನ್ನು ಹರಿತ ಕರ್ಮ ಸೇನೆಯವರಿಗೆ, ಅಂದರೆ ಮನೆ, ಅಂಗಡಿಗಳಿಗೆ ಬಂದು ಕಸ ಒಯ್ಯುವ ಪಂಚಾಯತಿನ ತಂಡದವರಿಗೆ ಕೊಡಬೇಕು. ಕನ್ನಡ ಪತ್ರಿಕೆಗಳಲ್ಲಿ ಹಸಿರು ಕ್ರಿಯಾಸೇನೆ ಅಂತ ಬರುವುದೂ ಇವರದೇ ಹೆಸರು.

ಇಂಥ ನೋಟಿಸು ಬಂದರೆ ನಾವು ಕೆಳಗೆ ಎರಡು ಸಾಲು ಸರಿಯಾದ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸುತ್ತೇವೆ. ಅರ್ಥವಾಗದ ಪದ ಗೋಡೆಯ ಮೇಲಿದ್ದರೆ ಜನ ಓದದೆ ಮುಂದೆ ಹೋಗುತ್ತಾರೆ.

ಯೂಸರ್ ಫೀ ಕೊಡುತ್ತೇವೆ. ಮತ್ತೆ ನಾವೇ ಯಾಕೆ ತೊಳೆದು, ಬೇರೆ ಮಾಡಿ ಕೊಡಬೇಕು? ಅದು ಅವರ ಕೆಲಸ ಅಲ್ವಾ?

ಈ ಪ್ರಶ್ನೆ ಕೇಳುವವರಿಗೆ ನಾನು ಒಂದು ಮಾತು ಹೇಳುತ್ತೇನೆ: ಒಮ್ಮೆ ನಿಮ್ಮ ಪಂಚಾಯತಿನ ಎಂಸಿಎಫ್ ಶೆಡ್ಡಿಗೆ ಹೋಗಿ ಬನ್ನಿ. ಸಂಗ್ರಹವಾದ ಚೀಲಗಳೆಲ್ಲ ಬಂದು ಬೀಳುವ ಜಾಗ ಅದು. ಅಲ್ಲಿ ಕೂತು ಬೇರೆ ಮಾಡುವವರು ಕುಟುಂಬಶ್ರೀಯ (ಕೇರಳದ ಮಹಿಳಾ ಸ್ವಸಹಾಯ ಗುಂಪುಗಳು) ಹೆಂಗಸರು. ನಮ್ಮದೇ ಊರಿನವರು, ನಿಮ್ಮ ಸೊಸೈಟಿಯಲ್ಲಿ ಖಾತೆ ಇರುವವರು.

ನಾನು ಹೋದ ದಿನ ಒಬ್ಬರು ಅಕ್ಕ ಹಾಲಿನ ಪ್ಯಾಕೆಟ್ ಬೇರೆ ಮಾಡುತ್ತಿದ್ದರು. ತೊಳೆಯದೆ ಕೊಟ್ಟ ಪ್ಯಾಕೆಟ್‌ಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬೆರಳ ಉಗುರಿನಿಂದ ಎಬ್ಬಿಸಿ ಎಬ್ಬಿಸಿ ತೆಗೆಯುತ್ತಿದ್ದರು. ಹುಳಿ ವಾಸನೆಗೆ ನನಗೆ ಅಲ್ಲಿ ಐದು ನಿಮಿಷ ನಿಲ್ಲಲಿಕ್ಕೆ ಆಗಲಿಲ್ಲ. ಆ ರಾಶಿಯಲ್ಲಿ ನಮ್ಮ ಕಚೇರಿಯ ಚೀಲವೂ ಇತ್ತು. ಅದರ ಮೇಲೆ ನನ್ನ ಕೈಬರಹದ ಚೀಟಿ.

ಫೀ ಅಂಗಡಿ, ಕಚೇರಿಗಳಿಗೆ ಸಾಮಾನ್ಯವಾಗಿ ತಿಂಗಳಿಗೆ 100 ರೂಪಾಯಿಯಿಂದ ಶುರು. ಚೀಲ ಜಾಸ್ತಿಯಾದರೆ ಜಾಸ್ತಿ. ಪಂಚಾಯತ್ ವ್ಯಾಪ್ತಿಯ ಮನೆಗಳಿಗೆ 50 ರೂಪಾಯಿ. ಆ ದುಡ್ಡು ಅವರು ಬಂದು ಹೊತ್ತು ಒಯ್ಯುವುದಕ್ಕೆ. ನಮ್ಮ ಎಂಜಲು ಮುಟ್ಟುವುದಕ್ಕೆ ಅಲ್ಲ. ಇನ್ನೊಂದು ವಿಷಯವೂ ಇದೆ. ತೊಳೆದು ಒಣಗಿಸಿದ ಪ್ಲಾಸ್ಟಿಕ್ ಮರುಬಳಕೆಗೆ ಹೋಗುತ್ತದೆ, ಅದಕ್ಕೆ ಬೆಲೆ ಬರುತ್ತದೆ. ಕೊಳಕಾದದ್ದು ತಿರಸ್ಕೃತ ಅಂತ ಬೇರೆಯಾಗಿ ಸಿಮೆಂಟ್ ಫ್ಯಾಕ್ಟರಿಯ ಒಲೆಗೆ ಹೋಗುತ್ತದೆ. ಒಳಬದಿ ಬೆಳ್ಳಿಯಂತೆ ಹೊಳೆಯುವ ಕುರುಕಲು ತಿಂಡಿ ಪ್ಯಾಕೆಟ್‌ಗಳ ಗತಿ ತೊಳೆದರೂ ಅಷ್ಟೇ. ಹಲವು ಪದರ ಒಟ್ಟಿಗೆ ಅಂಟಿರುವುದರಿಂದ ಬೇರೆ ಮಾಡಲು ಬರುವುದಿಲ್ಲ. ಅದನ್ನು ತರಿಸದೇ ಇರುವುದು ಒಂದೇ ದಾರಿ.

ಹಾಲಿಗೆ ನಾವು ಬೇರೆ ದಾರಿ ಹಿಡಿದೆವು. ಹತ್ತಿರದ ಹಾಲಿನ ಸೊಸೈಟಿಯಿಂದ ತೂಕುಪಾತ್ರೆಯಲ್ಲಿ (ಹಿಡಿಕೆ, ಮುಚ್ಚಳ ಇರುವ ಪಾತ್ರೆ) ತರುತ್ತೇವೆ. ಪ್ಯಾಕೆಟ್ಟೇ ಇಲ್ಲ.

ಪೇಪರ್ ಕಪ್ ಕಾಗದದ್ದೇ ಅಲ್ವಾ? ಅದರಲ್ಲಿ ಏನು ತೊಂದರೆ?

ಒಂದು ಕಪ್ಪನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆ ನಿಧಾನಕ್ಕೆ ಹರಿಯಿರಿ. ಒಳಗಿನಿಂದ ತೆಳ್ಳಗಿನ, ಈರುಳ್ಳಿ ಪೊರೆಯಂಥ ಹಾಳೆ ಎದ್ದು ಬರುತ್ತದೆ. ಅದು ಪ್ಲಾಸ್ಟಿಕ್. ಅದಿಲ್ಲದಿದ್ದರೆ ಬಿಸಿ ಚಹಾಕ್ಕೆ ಕಪ್ ಅಲ್ಲೇ ಮೆತ್ತಗಾಗಿ ಕೂತುಬಿಡುತ್ತಿತ್ತು. ನಾನು ಇದನ್ನು ಸ್ಟಾಫ್ ಮೀಟಿಂಗಿನಲ್ಲಿ ಎಲ್ಲರೆದುರು ಮಾಡಿ ತೋರಿಸಿದೆ. ಮಾತಿನಲ್ಲಿ ಹೇಳಿದಾಗ ಒಪ್ಪದವರು ಆ ಪೊರೆಯನ್ನು ಬೆರಳಲ್ಲಿ ಹಿಡಿದು ನೋಡಿದ ಮೇಲೆ ಒಪ್ಪಿದರು.

ಖರಗ್‌ಪುರ ಐಐಟಿಯವರು 2020ರಲ್ಲಿ ಇಂಥ ಕಪ್‌ಗಳನ್ನು ಪರೀಕ್ಷೆ ಮಾಡಿದರು. 100 ಮಿಲಿಲೀಟರ್ ಬಿಸಿನೀರನ್ನು 15 ನಿಮಿಷ ಇಟ್ಟರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ನೀರಿಗೆ ಬಿಡುತ್ತವೆ ಅಂತ ಅವರಿಗೆ ಕಂಡಿತು. ಚಹಾ ಕುಡಿಯುತ್ತಾ ಮಾತಾಡುವಾಗ 15 ನಿಮಿಷ ಹೋದದ್ದೇ ಗೊತ್ತಾಗುವುದಿಲ್ಲ.

ಲೆಕ್ಕವನ್ನೂ ನೋಡಿ. 14 ಜನ, ದಿನಕ್ಕೆ ಎರಡು ಚಹಾ, ತಿಂಗಳಿಗೆ 25 ದಿನ. ತಿಂಗಳಿಗೆ 700 ಕಪ್, ವರ್ಷಕ್ಕೆ 8,400. ಬಂದು ಹೋಗುವವರಿಗೆ ಕೊಟ್ಟದ್ದು ಬೇರೆ. ಅದರ ದುಡ್ಡಿನಲ್ಲಿ ಸ್ಟೀಲ್ ಲೋಟ ತಂದರೆ ನಿಮ್ಮ ರಿಟೈರ್‌ಮೆಂಟ್ ತನಕ ಬರುತ್ತದೆ.

ಕಾನೂನೂ ಇದೆ. ಕೇರಳದಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿಗೆ 2020ರ ಜನವರಿ 1ರಿಂದ ನಿಷೇಧ. ಪ್ಲಾಸ್ಟಿಕ್ ಪದರ ಇರುವ ಪೇಪರ್ ಕಪ್, ಪ್ಲೇಟುಗಳೂ ಅದರಲ್ಲಿ ಸೇರಿವೆ. ಇಡೀ ದೇಶಕ್ಕೆ ಪ್ಲಾಸ್ಟಿಕ್ ಚಮಚ, ಸ್ಟ್ರಾ, ಪ್ಲೇಟ್, ಲೋಟಗಳ ನಿಷೇಧ ಬಂದದ್ದು 2022ರ ಜುಲೈ 1ರಿಂದ.

ಲೋಟ ತೊಳೆಯುವವರು ಯಾರು?

ಕುಡಿದವರು. ಇದರಲ್ಲಿ ರಾಜಿ ಬೇಡ.

ಹಲವು ಕಚೇರಿಗಳಲ್ಲಿ ಸ್ಟೀಲ್ ಲೋಟ ಬಂದು, ಒಂದೇ ತಿಂಗಳಲ್ಲಿ ವಾಪಸ್ ಪೇಪರ್ ಕಪ್ ಬಂದದ್ದು ಈ ಕಾರಣಕ್ಕೆ. ಲೋಟವೆಲ್ಲ ಸಿಂಕಿನಲ್ಲಿ ರಾಶಿ ಬೀಳುತ್ತದೆ. ಗುಡಿಸುವ ಅಕ್ಕನ ಮೇಲೆ ಸಂಬಳ ಹೆಚ್ಚಿಸದೆ ಕೆಲಸ ಮಾತ್ರ ಹೆಚ್ಚುತ್ತದೆ. ಅದು ನ್ಯಾಯ ಅಲ್ಲ. ನಮ್ಮಲ್ಲಿ ಪ್ರತಿಯೊಬ್ಬರ ಲೋಟದ ತಳದಲ್ಲಿ ಹೆಸರಿನ ಮೊದಲ ಅಕ್ಷರ ಕೊರೆಸಿದ್ದೇವೆ, ಪಾತ್ರೆ ಅಂಗಡಿಯವರೇ ಮಾಡಿಕೊಟ್ಟರು. ಸಿಂಕಿನಲ್ಲಿ ಬಿಟ್ಟು ಹೋದರೆ ಯಾರದ್ದು ಅಂತ ಗೊತ್ತಾಗುತ್ತದೆ. ಸೆಕ್ರೆಟರಿಯವರು ಮೊದಲ ದಿನವೇ ತಮ್ಮ ಲೋಟ ತಾವೇ ತೊಳೆದು ಕವುಚಿ ಹಾಕಿದರು. ಆಮೇಲೆ ಯಾರಿಗೂ ಏನೂ ಹೇಳಬೇಕಾಗಿ ಬರಲಿಲ್ಲ. ಹೊರಗಿನಿಂದ ಬಂದವರಿಗೆ ಎಂಟು ಲೋಟ ಬೇರೆ ಇವೆ. ಅವುಗಳನ್ನು ತೊಳೆಯುವ ಸರದಿ ವಾರಕ್ಕೊಬ್ಬರದು.

ಮೀಟಿಂಗಿಗೆ ತಿಂಡಿ ತರಿಸಿದರೆ ಯಾವಾಗಲೂ ಉಳಿಯುತ್ತದೆ. ಏನು ಮಾಡುವುದು?

ತಲೆ ಎಣಿಸಿ ತರಿಸಿ. ‘ಒಂದು ಹತ್ತು ಜಾಸ್ತಿ ಇರಲಿ’ ಅನ್ನುವ ಮಾತಿನಿಂದಲೇ ಗೋಳಿಬಜೆ ಕಸಕ್ಕೆ ಹೋಗುವುದು. ಮರ್ಯಾದೆಗೆ ಕಡಿಮೆಯಾಗಬಾರದು ಅಂತ ನಮಗೆ ಹೆದರಿಕೆ, ಅದು ನಮ್ಮ ಊರಿನ ಒಳ್ಳೆಯ ಗುಣವೂ ಹೌದು. ಆದರೆ ಬನ್ಸ್ ಎಂಟು ಹೆಚ್ಚಿಗೆ ತಂದು ತೊಟ್ಟಿಗೆ ಹಾಕುವುದರಲ್ಲಿ ಯಾರ ಮರ್ಯಾದೆಯೂ ಇಲ್ಲ. ಬೆಳಿಗ್ಗೆ ವಾಟ್ಸಾಪಿನಲ್ಲಿ ಬರುವವರು ಕೈ ಎತ್ತಲಿ, ಅಷ್ಟೇ ತರಿಸಿ. ಹೋಟೆಲಿಗೆ ನಿಮ್ಮದೇ ಡಬ್ಬಿ ಕೊಟ್ಟು ಕಳಿಸಿ. ಚಟ್ನಿಗೆ ಸಣ್ಣ ತೂಕುಪಾತ್ರೆ ಕೊಡಿ, ತೊಟ್ಟೆಯಲ್ಲಿ ಕಟ್ಟಿಸಬೇಡಿ. ಉಳಿದರೆ ಮುಟ್ಟುವ ಮೊದಲೇ ತೆಗೆದಿಟ್ಟು, ಸಂಜೆ ಮನೆಗೆ ಒಯ್ಯುವವರಿಗೆ ಕೊಡಿ.

ಬುತ್ತಿಯ ಊಟದಲ್ಲಿ ಉಳಿಯುವುದು ಕಡಿಮೆ. ಕುಚ್ಚಲಕ್ಕಿ ಅನ್ನ ಎಷ್ಟು ಬೇಕು ಅಂತ ತಿನ್ನುವವರಿಗೆ ಗೊತ್ತಿರುತ್ತದೆ.

ಕಾಗದ ಉಳಿಸಲು ಕನ್ನಡ ಫಾರಂ ಪ್ರಿಂಟ್ ಮಾಡುವುದು ನಿಲ್ಲಿಸೋಣ ಅಂತ ಹೇಳುತ್ತಿದ್ದಾರೆ. ಸರಿಯಾ?

ಸರಿಯಲ್ಲ. ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಕನ್ನಡ ಮಾತ್ರ ಓದಲು ಬರುವ ಹಿರಿಯರು ಎಷ್ಟೋ ಜನ ಇದ್ದಾರೆ. ಅವರು ಸಹಿ ಹಾಕುವ ಕಾಗದ ಅವರಿಗೆ ಓದಲು ಬರಬೇಕು. ಸಾಲದ ಷರತ್ತು ಅರ್ಥವಾಗದೆ ಸಹಿ ಹಾಕಿಸಿಕೊಂಡರೆ ಉಳಿದ ಆ ಒಂದು ಹಾಳೆಯಿಂದ ಏನು ಲಾಭ?

ಕಾಗದ ಉಳಿಸುವ ದಾರಿ ಬೇರೆ ಇದೆ. ಒಂದೇ ಹಾಳೆಯ ಒಂದು ಬದಿ ಮಲಯಾಳ, ಹಿಂಬದಿ ಕನ್ನಡ. ಮೊದಲು ಎರಡು ಕಟ್ಟು ಇಡುತ್ತಿದ್ದೆವು. ಯಾವುದು ಎಷ್ಟು ಬೇಕು ಅಂತ ಅಂದಾಜು ಸಿಗದೆ ಒಂದು ಕಟ್ಟು ಯಾವಾಗಲೂ ಉಳಿದು ಹಳೆಯದಾಗುತ್ತಿತ್ತು. ಈಗ ಒಂದೇ ಕಟ್ಟು. ನಿಯಮ ಬದಲಾದರೆ ಕಸವಾಗುವುದೂ ಕಡಿಮೆ, ಯಾಕೆಂದರೆ ಒಮ್ಮೆಗೆ 200 ಮಾತ್ರ ಪ್ರಿಂಟ್ ಮಾಡುತ್ತೇವೆ.

ಒಂದು ರೀಮ್ ಎ4 ಅಂದರೆ 500 ಹಾಳೆ. 80 ಜಿಎಸ್‌ಎಂ ಕಾಗದವಾದರೆ ಹಾಳೆಗೆ 5 ಗ್ರಾಂ, ರೀಮಿಗೆ ಎರಡೂವರೆ ಕಿಲೋ. ಪ್ರಿಂಟರಿನ ಸೆಟ್ಟಿಂಗಿನಲ್ಲಿ ಎರಡೂ ಬದಿ ಅಂತ ಖಾಯಂ ಮಾಡಿಟ್ಟರೆ ಯಾರೂ ನೆನಪಿಟ್ಟುಕೊಳ್ಳಬೇಕಾಗಿಲ್ಲ. ನಾಲ್ಕು ಸಾಲಿನ ಕಾಗದಕ್ಕೆ ಅರ್ಧ ಹಾಳೆ ಸಾಕು. ಒಂದು ಬದಿ ಖಾಲಿ ಇರುವುದನ್ನು ಕತ್ತರಿಸಿ, ದಾರ ಹೊಲಿದು ಚೀಟಿ ಪುಸ್ತಕ ಮಾಡಿ. ಟೋಕನ್‌ಗೆ, ಲೆಕ್ಕ ಹಾಕಲಿಕ್ಕೆ, ಫೋನ್ ನಂಬರ್ ಬರೆದುಕೊಳ್ಳಲಿಕ್ಕೆ ಅದು ಸಾಕು. ಆದರೆ ಹಿಂಬದಿಯಲ್ಲಿ ಗ್ರಾಹಕರ ಹೆಸರು, ಖಾತೆ ನಂಬರ್ ಇರುವ ಹಾಳೆಯನ್ನು ಇದಕ್ಕೆ ಬಳಸಬೇಡಿ.

ಹಳೆಯ ಕಡತಗಳನ್ನು ಗುಜರಿಯವರಿಗೆ ತೂಕಕ್ಕೆ ಕೊಡಬಹುದಾ?

ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಕಡಲೆ ತಗೊಂಡೆ. ಕಟ್ಟಿಕೊಟ್ಟ ಕಾಗದ ಬಿಚ್ಚಿ ನೋಡಿದರೆ ಯಾರದೋ ಸಾಲದ ಅರ್ಜಿ. ಹೆಸರು, ಮನೆ, ಜಾಗದ ಸರ್ವೆ ನಂಬರ್, ಹೆಬ್ಬೆಟ್ಟಿನ ಗುರುತು ಎಲ್ಲ ಇತ್ತು. ಯಾವ ಕಚೇರಿಯದು ಅಂತ ಹೇಳುವುದಿಲ್ಲ. ಆ ಕಾಗದ ಮನೆಗೆ ತಂದು ಚೂರು ಚೂರು ಮಾಡಿದೆ.

ಹಾಗಾಗಿ ಮೊದಲು ಆಡಿಟರ್ ಹತ್ತಿರ ಕೇಳಿ, ಯಾವುದನ್ನು ಎಷ್ಟು ವರ್ಷ ಇಡಬೇಕು ಅಂತ. ಅವಧಿ ಮುಗಿದದ್ದನ್ನು ಲಿಖಿತ ಒಪ್ಪಿಗೆ ಪಡೆದು, ಯಂತ್ರದಲ್ಲಿ ಚೂರು ಮಾಡಿ ಕೊಡಿ. ಖಾಸಗಿ ವಿವರ ಇಲ್ಲದ ಪತ್ರಿಕೆ, ರಟ್ಟು, ಕವರ್‌ಗಳನ್ನು ಧಾರಾಳವಾಗಿ ಕೊಡಬಹುದು, ಒದ್ದೆಯಾಗಿರಬಾರದು ಅಷ್ಟೇ. ಕಾಗದದ ಚೂರು ಗೊಬ್ಬರದ ಬುಟ್ಟಿಗೂ ಆಗುತ್ತದೆ, ಅದನ್ನು ಕೆಳಗೆ ಹೇಳಿದ್ದೇನೆ.

ಬಿಲ್ಲಿಂಗ್ ಮೆಷಿನಿನ ನುಣುಪು ಚೀಟಿ ಕಾಗದದ ಜೊತೆ ಹಾಕಬಹುದಾ?

ಬೇಡ. ಅದು ಥರ್ಮಲ್ ಕಾಗದ, ಶಾಖಕ್ಕೆ ಕಪ್ಪಾಗುವ ರಾಸಾಯನಿಕ ಬಳಿದಿರುತ್ತಾರೆ. ಗೊಬ್ಬರಕ್ಕೂ ಬೇಡ. ಬೇಕು ಅಂದವರಿಗೆ ಮಾತ್ರ ಚೀಟಿ ಕೊಡಿ, ಉಳಿದವರಿಗೆ ಮೆಸೇಜ್ ಸಾಕು.

ಹಿತ್ತಲಲ್ಲಿ ಸ್ವಲ್ಪವೇ ಸುಟ್ಟರೆ ಏನಾಗುತ್ತದೆ? ಮೊದಲಿನಿಂದಲೂ ಸುಡುತ್ತಿದ್ದೆವಲ್ಲ?

ಮೊದಲು ಸುಡುತ್ತಿದ್ದದ್ದು ತರಗೆಲೆ, ಕಡ್ಡಿ. ಈಗ ಆ ರಾಶಿಯಲ್ಲಿ ಪೈಪಿನ ಚೂರು, ವಯರ್, ರೆಕ್ಸಿನ್ ಫೈಲ್ ಎಲ್ಲ ಇರುತ್ತದೆ. ಇವುಗಳಲ್ಲಿರುವ ಪಿವಿಸಿ ಎಂಬ ಪ್ಲಾಸ್ಟಿಕ್ ಸಣ್ಣ ಉರಿಯಲ್ಲಿ ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಹುಲ್ಲಿನ ಮೇಲೆ, ಮಣ್ಣಿನ ಮೇಲೆ ಕೂರುತ್ತದೆ. ಆ ಹುಲ್ಲನ್ನು ದನ ತಿನ್ನುತ್ತದೆ. ಹಾಲು ನಮ್ಮದೇ ಚಹಾಕ್ಕೆ ಬರುತ್ತದೆ.

ಗಾಳಿಯಲ್ಲಿ ಬಂದ ವಿಷ ಏನು ಮಾಡುತ್ತದೆ ಅಂತ ಬೇರೆ ಊರಿನವರು ಪುಸ್ತಕದಲ್ಲಿ ಓದಬೇಕು. ನಮಗೆ ಹಾಗಲ್ಲ. ಗೇರು ತೋಟಗಳ ಮೇಲೆ 2000ನೇ ಇಸವಿಯ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದರು. ಎಣ್ಮಕಜೆ, ಸ್ವರ್ಗ, ಪೆರ್ಲ ಕಡೆಯ ಮನೆಗಳಲ್ಲಿ ಅದರ ಸಂಕಟ ಇವತ್ತಿಗೂ ಮುಗಿದಿಲ್ಲ. ಆ ವಿಷ ಬೇರೆ, ಕಸದ ಹೊಗೆ ಬೇರೆ, ಗೊತ್ತು. ಆದರೆ ಇಷ್ಟನ್ನು ಕಂಡ ಊರಿನಲ್ಲಿ ‘ಸ್ವಲ್ಪ ತಾನೇ’ ಅಂತ ನನಗೆ ಹೇಳಲಿಕ್ಕೆ ಬಾಯಿ ಬರುವುದಿಲ್ಲ. 2023ರ ಮಾರ್ಚ್ 2ರಂದು ಕೊಚ್ಚಿಯ ಬ್ರಹ್ಮಪುರಂ ಕಸದ ರಾಶಿಗೆ ಬೆಂಕಿ ಬಿದ್ದಾಗ ಹತ್ತು ದಿನಕ್ಕೂ ಹೆಚ್ಚು ಕಾಲ ಆ ನಗರದ ಮೇಲೆ ಹೊಗೆ ಇತ್ತು. ಅದಾದ ಮೇಲೆ ಕೇರಳದಲ್ಲಿ ಕಾನೂನು ಬಿಗಿಯಾಗಿದೆ. ಕಸ ಸುಟ್ಟರೆ, ದಾರಿ ಬದಿಗೆ ಎಸೆದರೆ ದಂಡ ಬೀಳುತ್ತದೆ.

ಮಂಗಳೂರಿಗೆ ಹೋಗುವ ಗಾಡಿಯಲ್ಲಿ ಹಾಕಿ ಕಳಿಸಿದರೆ ಆಗುವುದಿಲ್ಲವಾ? ಅಲ್ಲಿ ದೊಡ್ಡ ಯಾರ್ಡ್ ಇದೆಯಂತೆ.

ದಯವಿಟ್ಟು ಬೇಡ. ತಲಪಾಡಿ ಗಡಿ ದಾಟಿದ ಕೂಡಲೇ ಕಸ ಮಾಯವಾಗುವುದಿಲ್ಲ. ಮಂಗಳೂರಿನ ಪಚ್ಚನಾಡಿಯಲ್ಲಿ 2019ರ ಆಗಸ್ಟ್ ಮಳೆಗೆ ಕಸದ ಗುಡ್ಡವೇ ಜಾರಿ ಕೆಳಗಿನ ಮಂದಾರ ಎಂಬ ಊರಿಗೆ ಬಂತು. ತೆಂಗು, ಅಡಿಕೆ ತೋಟಗಳು ಕಸದಡಿ ಹೋದವು, ಜನ ಮನೆ ಬಿಡಬೇಕಾಯಿತು. ಅಡಿಕೆ ತೋಟ ಇರುವವರಿಗೆ ಆ ನೋವು ಬಿಡಿಸಿ ಹೇಳಬೇಕಾಗಿಲ್ಲ. 2024ರ ಡಿಸೆಂಬರಿನಲ್ಲಿ ಕೇರಳದ ಆಸ್ಪತ್ರೆ ಕಸವನ್ನು ತಮಿಳುನಾಡಿನ ತಿರುನೆಲ್ವೇಲಿಯಲ್ಲಿ ಸುರಿದದ್ದು ಹಸಿರು ನ್ಯಾಯಮಂಡಳಿಯ ತನಕ ಹೋಯಿತು. ಕಡೆಗೆ ಲಾರಿ ಕಳಿಸಿ ಕೇರಳವೇ ಅದನ್ನು ವಾಪಸ್ ತರಬೇಕಾಯಿತು.

ಹಾಳಾದ ಯುಪಿಎಸ್, ಕಂಪ್ಯೂಟರ್, ಟ್ಯೂಬ್‌ಲೈಟ್ ಏನು ಮಾಡುವುದು?

ಯುಪಿಎಸ್ ಬ್ಯಾಟರಿಯನ್ನು ಹೊಸದು ತಗೊಳ್ಳುವ ಅಂಗಡಿಗೇ ಕೊಡಿ, ಬೆಲೆಯಲ್ಲಿ ಕಡಿಮೆ ಮಾಡುತ್ತಾರೆ. ಒಳಗೆ ಸೀಸ ಮತ್ತು ಆಸಿಡ್ ಇದೆ, ಒಡೆಯಲು ಹೋಗಬೇಡಿ. ಹಳೆಯ ಮಾದರಿಯ (ಎಲ್‌ಇಡಿ ಅಲ್ಲದ) ಟ್ಯೂಬ್‌ಲೈಟಿನಲ್ಲಿ ಪಾದರಸ ಇದೆ. ಒಡೆಯದ ಹಾಗೆ ಹಳೆಯ ರಟ್ಟಿನ ಕೊಳವೆಯಲ್ಲೇ ಇಟ್ಟು ಕೊಡಿ. ಹರಿತ ಕರ್ಮ ಸೇನೆಯವರ ಹತ್ತಿರ ಒಂದು ಕ್ಯಾಲೆಂಡರ್ ಇರುತ್ತದೆ, ಯಾವ ತಿಂಗಳು ಇ-ವೇಸ್ಟ್, ಯಾವ ತಿಂಗಳು ಗಾಜು ಅಂತ. ಅದನ್ನು ಕೇಳಿ ಗೋಡೆಗೆ ಹಾಕಿ. ಅವರು ಒಟ್ಟು ಮಾಡಿದ್ದು ಕ್ಲೀನ್ ಕೇರಳ ಕಂಪನಿಗೆ ಹೋಗುತ್ತದೆ.

ಬಿಸಾಡುವ ಮೊದಲು ರಿಪೇರಿಯವರನ್ನು ಕೇಳಿ. ನಮ್ಮ ಎರಡು ಹಳೆಯ ಕಂಪ್ಯೂಟರ್‌ಗಳಿಗೆ ಎಸ್‌ಎಸ್‌ಡಿ ಹಾಕಿಸಿದ ಮೇಲೆ ಇವತ್ತಿಗೂ ಓಡುತ್ತಿವೆ.

ವಾರ್ಷಿಕೋತ್ಸವಕ್ಕೆ ಫ್ಲೆಕ್ಸ್ ಹಾಕದೆ ಆಗುತ್ತದಾ? ಊಟಕ್ಕೆ ಏನು ಮಾಡುವುದು?

ಪಿವಿಸಿ ಫ್ಲೆಕ್ಸಿಗೆ ಕೇರಳದಲ್ಲಿ ನಿಷೇಧ ಇದೆ. ಹತ್ತಿ ಬಟ್ಟೆಯಲ್ಲಿ ಬರೆಸಿ. ವರ್ಷ, ತಾರೀಕು ಬರೆಯದೆ ಬರೀ ಸಂಘದ ಹೆಸರು ಹಾಕಿಸಿದರೆ ಮುಂದಿನ ವರ್ಷಕ್ಕೂ ಅದೇ ಆಗುತ್ತದೆ. ತಾರೀಕಿನ ಬಟ್ಟೆ ಸಣ್ಣದಾಗಿ ಬೇರೆ ಹೊಲಿಸಿ, ಪಿನ್ನಿನಲ್ಲಿ ಸಿಕ್ಕಿಸಿ.

ಊಟಕ್ಕೆ ಬಾಳೆಲೆ. ಕೈಯಲ್ಲಿ ಹಿಡಿದು ತಿನ್ನುವುದಾದರೆ ಬಾಡಿಗೆಗೆ ಸ್ಟೀಲ್ ತಟ್ಟೆ ಸಿಗುತ್ತದೆ. ಅಡಿಕೆ ಹಾಳೆ ತಟ್ಟೆ ನಮ್ಮ ತೋಟದ್ದೇ, ಬಿದ್ದ ಹಾಳೆಯನ್ನು ತೊಳೆದು ಬಿಸಿ ಅಚ್ಚಿನಲ್ಲಿ ಒತ್ತಿ ಮಾಡುವುದು. ಕೊಳೆಯುತ್ತದೆ, ಆದರೆ ದಪ್ಪ ಇರುವುದರಿಂದ ನಿಧಾನ. ಹರಿದು ಹಾಕಿ. ಅದನ್ನು ಪ್ಲಾಸ್ಟಿಕ್ ಸುತ್ತಿದ ಕಟ್ಟಿನಲ್ಲಿ ತಂದು, ಊಟವಾದ ಮೇಲೆ ಪ್ಲಾಸ್ಟಿಕ್ ತೊಟ್ಟೆಯಲ್ಲೇ ಕಟ್ಟಿಡುವುದನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ. ಪೇಟೆಯ ಹಾಳೆ ತಟ್ಟೆ ಮಾಡುವವರಿಂದ ನೇರ ತಗೊಂಡರೆ ಗೋಣಿಯಲ್ಲಿ ಕೊಡುತ್ತಾರೆ.

ಹೆಂಗಸರ ಟಾಯ್ಲೆಟಿನ ಪ್ಯಾಡ್‌ಗಳು?

ಇದನ್ನು ಕೇಳಲು ಎಲ್ಲರೂ ಹಿಂಜರಿಯುತ್ತಾರೆ, ಕಡೆಗೆ ಪ್ಯಾಡ್ ಹೋಗಿ ಪೈಪಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮುಚ್ಚಳ ಇರುವ ಬೇರೆ ಬುಟ್ಟಿ ಇಡಿ, ಪಕ್ಕದಲ್ಲೇ ಹಳೆಯ ಪತ್ರಿಕೆಯ ತುಂಡುಗಳನ್ನು ಇಡಿ. ಸುತ್ತಿ ಹಾಕಲಿ. ಬೇರೆ ಕಸದ ಜೊತೆ ಸೇರಿಸಬೇಡಿ. ಇದನ್ನು ಯಾರು ಒಯ್ಯುತ್ತಾರೆ ಅಂತ ಪಂಚಾಯತಿನಲ್ಲಿ ನೇರವಾಗಿ ಕೇಳಿ, ನಾಚಿಕೆಪಡುವ ವಿಷಯ ಅಲ್ಲ. ಎರ್ನಾಕುಳಂ ಜಿಲ್ಲೆಯ ಕುಂಬಳಂಗಿ ಪಂಚಾಯತಿನಲ್ಲಿ ಹೆಂಗಸರಿಗೆ ಮೆನ್‌ಸ್ಟ್ರುವಲ್ ಕಪ್ (ಮುಟ್ಟಿನ ಸಮಯದಲ್ಲಿ ಪ್ಯಾಡ್ ಬದಲು, ತೊಳೆದು ಮತ್ತೆ ಬಳಸುವ ಕಪ್) ಹಂಚಿ, 2022ರ ಜನವರಿಯಲ್ಲಿ ಪ್ಯಾಡ್ ಇಲ್ಲದ ಊರು ಅಂತ ಘೋಷಿಸಿದರು. ನಮ್ಮ ಕಚೇರಿಯಲ್ಲೂ ಮೂವರು ಕಪ್ಪಿಗೆ ಬದಲಾಗಿದ್ದಾರೆ. ಅದು ಅವರವರ ಇಷ್ಟ, ಒತ್ತಾಯ ಮಾಡಬಾರದು.

ನಾನೊಬ್ಬಳೇ ಹೇಳಿದರೆ ಯಾರೂ ಕೇಳುವುದಿಲ್ಲ. ಏನು ಮಾಡಲಿ?

ಭಾಷಣ ಮಾಡಬೇಡಿ. ಒಂದು ವಸ್ತು ಹಿಡಿಯಿರಿ, ಅದು ಪೂರ್ತಿ ನಿಂತ ಮೇಲೆ ಇನ್ನೊಂದು. ನಾವು ಕಪ್ಪಿನಿಂದ ಶುರು ಮಾಡಿ ಆರು ತಿಂಗಳು ಬೇರೇನೂ ಮಾತಾಡಲಿಲ್ಲ. ಉಳಿದ ದುಡ್ಡನ್ನು ಬರೆದು ಗೋಡೆಗೆ ಹಾಕಿದೆ. ಅದರಲ್ಲೇ ಗೊಬ್ಬರದ ಬುಟ್ಟಿ ಬಂತು. ಎಲ್ಲರೂ ಕಸ ಹಾಕುವ ಜಾಗ ಒಂದೇ ಕಡೆ ಇರಲಿ. ಪ್ರತಿ ಮೇಜಿನ ಕೆಳಗೂ ಬುಟ್ಟಿ ಇದ್ದರೆ ಯಾರೂ ಯೋಚಿಸದೆ ಹಾಕುತ್ತಾರೆ. ಎದ್ದು ಹತ್ತು ಹೆಜ್ಜೆ ನಡೆಯಬೇಕಾದರೆ ಕೈಯಲ್ಲಿರುವುದು ಏನು ಅಂತ ಒಮ್ಮೆ ನೋಡುತ್ತಾರೆ.

ನಮ್ಮ ಮಳೆಗಾಲದಲ್ಲಿ ಗೊಬ್ಬರ ಆಗುತ್ತದಾ? ಹೋದ ಸಲ ವಾಸನೆ ಬಂದು ಬಿಟ್ಟುಬಿಟ್ಟೆವು.

ಆಗುತ್ತದೆ. ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ನಮ್ಮದು, ಅದಕ್ಕೆ ತಕ್ಕ ಹಾಗೆ ಮಾಡಬೇಕು. ವಾಸನೆ ಬಂದರೆ ನೀರು ಜಾಸ್ತಿ, ಗಾಳಿ ಕಡಿಮೆ ಅಂತ ಅರ್ಥ. ಬೇರೇನೂ ಅಲ್ಲ.

ಒಣಗಿದ್ದನ್ನು ಬೇಸಿಗೆಯಲ್ಲೇ ಕೂಡಿಡಬೇಕು. ಸೊಪ್ಪು ಹೊರುವವರಿಗೆ ಇದು ಹೊಸದಲ್ಲ, ಮಳೆ ಬರುವ ಮೊದಲೇ ಹಟ್ಟಿಗೆ ತರಗೆಲೆ ಕೂಡಿಡುತ್ತಾರಲ್ಲ, ಹಾಗೇ. ಫೆಬ್ರವರಿ, ಮಾರ್ಚಿನಲ್ಲಿ ನಾಲ್ಕಾರು ಗೋಣಿ ತರಗೆಲೆ ತುಂಬಿಸಿ ಮಾಡಿನಡಿ ಇಡಿ. ತೆಂಗಿನ ನಾರಿನ ಹುಡಿ ಸಿಕ್ಕಿದರೆ ಇನ್ನೂ ಒಳ್ಳೆಯದು, ನೀರನ್ನು ಚೆನ್ನಾಗಿ ಹೀರುತ್ತದೆ. ಕಾಗದದ ಚೂರೂ ಆಗುತ್ತದೆ.

ಬುಟ್ಟಿಯ ಅಡಿಯಲ್ಲೂ ಬದಿಯಲ್ಲೂ ತೂತು ಇರಲಿ. ಅಡಿಗೆ ಒಂದು ಗೇಣು ತರಗೆಲೆ, ಒಂದು ಮುಷ್ಟಿ ಸೆಗಣಿ ಅಥವಾ ಪಂಚಾಯತಿನಲ್ಲಿ ಕೊಡುವ ಇನಾಕ್ಯುಲಂ (ಕಸ ಬೇಗ ಕೊಳೆಯಲು ಹಾಕುವ ಸೂಕ್ಷ್ಮಜೀವಿಗಳ ಮಿಶ್ರಣ). ಒಂದು ಪಾಲು ಊಟದ ಕಸಕ್ಕೆ ಎರಡು ಪಾಲು ಒಣಗಿದ್ದು. ಸಾರಿನ ನೀರು ಬಸಿದು ಹಾಕಿ. ಮೀನಿನ ಮುಳ್ಳನ್ನು ಮಧ್ಯಕ್ಕೆ ಹುಗಿದು ಮೇಲೆ ದಪ್ಪಕ್ಕೆ ಮುಚ್ಚಿ. ವಾರಕ್ಕೆರಡು ಸಲ ಕೋಲಿನಲ್ಲಿ ಕೆದಕಿ. ಹದ ನೋಡಲು ಒಂದು ಮುಷ್ಟಿ ತೆಗೆದು ಗಟ್ಟಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂದರೆ ಸರಿ. ಧಾರೆ ಬಂದರೆ ಒಣಗಿದ್ದು ಹಾಕಿ. ಏನೂ ಬರದಿದ್ದರೆ ನೀರು ಚಿಮುಕಿಸಿ. ಬಿಳಿ ಹುಳ ಕಂಡರೆ ಹೆದರಬೇಡಿ, ಬ್ಲೀಚಿಂಗ್ ಪೌಡರ್ ಮಾತ್ರ ಹಾಕಲೇಬೇಡಿ. ಕೆಲಸ ಮಾಡುವ ಜೀವಿಗಳೆಲ್ಲ ಸತ್ತು ಹೋಗುತ್ತವೆ.

ಬಿಸಿಲು ಕಾಲದಲ್ಲಿ ಎರಡು ತಿಂಗಳಿಗೆ ಹದವಾಗುತ್ತದೆ. ಆಟಿಯ ಮಳೆಗಾಲದಲ್ಲಿ ಮೂರು ತಿಂಗಳು ಹಿಡಿಯುತ್ತದೆ, ಅಷ್ಟೇ.

ದೊಡ್ಡ ಕ್ಯಾಂಟೀನ್, ಶಾಲೆ ಆದರೆ ತುಂಬೂರ್ಮುಳಿ ಮಾದರಿ ನೋಡಿ. ಕೇರಳ ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ರೂಪಿಸಿದ್ದು. ಉದ್ದ, ಅಗಲ, ಎತ್ತರ ನಾಲ್ಕು ನಾಲ್ಕು ಅಡಿಯ, ಗಾಳಿಯಾಡುವ ತೊಟ್ಟಿ. ಸೆಗಣಿ, ತರಗೆಲೆ, ಕಸ ಅಂತ ಪದರ ಪದರವಾಗಿ ಹಾಕುವುದು.

ಕಂಪೌಂಡಿನ ತೆಂಗಿನ ಮಡಲು ಬಿದ್ದು ರಾಶಿಯಾಗುತ್ತದೆ.

ಒಂದು ಮರದಿಂದ ಹೆಚ್ಚು ಕಡಿಮೆ ತಿಂಗಳಿಗೊಂದು ಮಡಲು ಬೀಳುತ್ತದೆ. ಗರಿಯಿಂದ ಕಡ್ಡಿ ತೆಗೆದರೆ ಹಿಡಿಸೂಡಿ. ಉಳಿದದ್ದಕ್ಕೆ ಉತ್ತರ ನಮ್ಮ ಊರಿನಲ್ಲೇ ಇದೆ. ಕೂಡ್ಲಿನ ಸಿಪಿಸಿಆರ್‌ಐ, 1916ರಲ್ಲಿ ತೆಂಗಿನ ಸಂಶೋಧನೆಗೆ ಶುರುವಾದ ಸಂಸ್ಥೆ. ಮಡಲನ್ನು ಯೂಡ್ರಿಲಸ್ ಜಾತಿಯ ಎರೆಹುಳದಿಂದ ಗೊಬ್ಬರ ಮಾಡುವ ಕ್ರಮವನ್ನು ಅವರು ಕಂಡುಹಿಡಿದಿದ್ದಾರೆ. ಹತ್ತು ಪಾಲು ಒಣಗಿದ ಗರಿಗೆ ಒಂದು ಪಾಲು ಸೆಗಣಿ ಬೆರೆಸಿ, ನೆರಳಿನಲ್ಲಿ ಇಟ್ಟು, ಕೊಳೆಯಲು ಶುರುವಾದ ಮೇಲೆ ಹುಳ ಬಿಡುವುದು. ಅವರ ಹತ್ತಿರ ಹೋಗಿ ಕೇಳಿದರೆ ಚೆನ್ನಾಗಿ ಹೇಳಿಕೊಡುತ್ತಾರೆ.

ಗೊಬ್ಬರ ಆದ ಮೇಲೆ ಕಚೇರಿಯವರು ಅದನ್ನು ಏನು ಮಾಡಬೇಕು?

ನಮ್ಮ ಕಚೇರಿಯ ಹಿಂದೆ ನೀರಿನ ಟ್ಯಾಂಕಿನ ಪಕ್ಕ ಒಂದು ಬಸಳೆ ಚಪ್ಪರ ಇದೆ. ಗುಡಿಸುವ ಅಕ್ಕ ತಮ್ಮ ಮನೆಯಿಂದ ದಂಟು ತಂದು ನೆಟ್ಟದ್ದು. ಗೊಬ್ಬರವೆಲ್ಲ ಅದರ ಬುಡಕ್ಕೆ ಹೋಗುತ್ತದೆ. ಶುಕ್ರವಾರ ಸಂಜೆ ಕೊಯ್ದು ಸರದಿ ಪ್ರಕಾರ ಇಬ್ಬರು ಮನೆಗೆ ಒಯ್ಯುತ್ತೇವೆ. ಹೋದ ವಾರ ನನ್ನ ಸರದಿ ಇತ್ತು, ಹಲಸಿನ ಬೀಜ ಹಾಕಿ ಕೊದ್ದೆಲು ಮಾಡಿದೆ.